ಅಮ್ಮ ಬದುಕಿರುವ ಕಾದಂಬರಿಗಳು

ಮಕ್ಕಳ ಕಾದಂಬರಿ ಬರೆಯುವವರ ಮೇಲೆ ನನಗೆ ಇವತ್ತಿಗೂ ಒಂದು ಸಿಟ್ಟಿದೆ. ಶುರುವಿನಲ್ಲೇ ತಾಯಿಯನ್ನು ಸಾಯಿಸಿಬಿಡುತ್ತಾರೆ. ಯಾಕೆಂದು ಈಗ ಗೊತ್ತು. ಅಮ್ಮ ಬದುಕಿದ್ದರೆ ಯಾವ ಮಗುವನ್ನು ತಾನೇ ಒಬ್ಬಂಟಿಯಾಗಿ ಕಾಡಿಗೆ, ಗುಹೆಗೆ, ದೋಣಿ ಹತ್ತಿ ಸಮುದ್ರಕ್ಕೆ ಬಿಟ್ಟಾಳು? ಹೊತ್ತು ಮುಳುಗುವ ಮೊದಲು ಮನೆಗೆ ಬಾ, ಕೈಕಾಲು ತೊಳಿ ಅನ್ನುತ್ತಾಳೆ, ಕಥೆ ಅಲ್ಲಿಗೆ ಮುಗಿದೇ ಹೋಯಿತು. ಅದಕ್ಕೇ ಅವಳನ್ನು ಮೊದಲು ದಾರಿಯಿಂದ ಸರಿಸುತ್ತಾರೆ. ಇದೆಲ್ಲ ನನ್ನ ತಲೆಗೆ ಹೊಳೆದದ್ದು ಮಸ್ಕತ್ತಿನಲ್ಲಿ, ಎರಡು ಸಾವಿರದ ದಶಕದ ನಡುವಿನ ಒಂದು ಚಳಿಗಾಲದಲ್ಲಿ, ಏಳನೇ ಕ್ಲಾಸಿನ ಒಬ್ಬ ಹುಡುಗಿಯ ದೆಸೆಯಿಂದ.

ಆಗ ನಾನು ಅಲ್ಲಿಯ ಒಂದು ಭಾರತೀಯ ಶಾಲೆಯಲ್ಲಿ ಲೈಬ್ರರಿಯನ್. ಬಾಗಲಕೋಟೆ ಕಡೆಯವಳು; ಯಜಮಾನರಿಗೆ ಅಲ್ಲಿ ಎಂಜಿನಿಯರ್ ಕೆಲಸ ಅಂತ ಬಂದು ಅಲ್ ಮವಾಲೇಹ್‌ನಲ್ಲಿ ಮನೆ ಮಾಡಿದ್ದೆವು. ಆರು, ಏಳು, ಎಂಟನೇ ಕ್ಲಾಸಿನವರಿಗೆ ವಾರಕ್ಕೊಂದು ಲೈಬ್ರರಿ ಪೀರಿಯಡ್ ಇತ್ತು. ಆ ವಯಸ್ಸು ಬಲು ಕಷ್ಟದ್ದು. ಚಿತ್ರದ ಪುಸ್ತಕ ಕೊಟ್ಟರೆ ಅವಮಾನ, ದೊಡ್ಡವರದ್ದು ಕೊಟ್ಟರೆ ಆಕಳಿಕೆ. ಆದರೆ ಯಾವ ಮಗುವಿಗೆ ಯಾವ ಕಾದಂಬರಿ ಹಿಡಿಸುತ್ತದೆ ಅಂತ ಬಳೆಗಾರ ಕೈ ನೋಡಿಯೇ ಅಳತೆ ಹೇಳುವ ಹಾಗೆ ನಾನು ಹೇಳುತ್ತಿದ್ದೆ. ಆ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ಆ ಹುಡುಗಿ ಉಡುಪಿ ಕಡೆಯ ಕೊಂಕಣಿ ಕ್ರಿಶ್ಚಿಯನ್ನರ ಮನೆಯವಳು. ಎರಡು ಜಡೆ, ಸಣಕಲು ಮೈ, ಶಾಲೆಯ ಬಸ್ಸಿಗೆ ನಿಂತ ಸಾಲಿನಲ್ಲೂ ಪುಸ್ತಕ. ಮನೆಯಲ್ಲಿ ಕೊಂಕಣಿ, ನನ್ನ ಜೊತೆ ಬರೀ ಇಂಗ್ಲಿಷು. ರಜೆಯಲ್ಲಿ ಅಜ್ಜಿಯ ಮನೆಗೆ ಹೋದಾಗ ಕಲಿತ ಕನ್ನಡವಿದೆ ಅಂತ ಅವಳ ತಾಯಿ ಒಮ್ಮೆ ಹೇಳಿದ್ದರು, ನಾನಂತೂ ಕೇಳಿರಲಿಲ್ಲ. ನಾನು ಕೊಟ್ಟದ್ದನ್ನು ಮರುಮಾತಿಲ್ಲದೆ ಒಯ್ಯುತ್ತಿದ್ದಳು, ಪೂರ್ತಿ ಓದಿಯೇ ತರುತ್ತಿದ್ದಳು. ಅಂಥ ಮಗು ಒಂದಿದ್ದರೆ ಸಾಕು, ಲೈಬ್ರರಿಯನ್ ಆದವಳ ಜನ್ಮ ಸಾರ್ಥಕ.

ಒಂದು ಗುರುವಾರ, ಅಂದರೆ ಆಗಿನ ನಮ್ಮ ವಾರದ ರಜೆಯ ದಿನ, ಮವಾಲೇಹ್‌ನ ತರಕಾರಿ ಮಾರ್ಕೆಟ್ಟಿನಲ್ಲಿ ಅವಳ ತಂದೆ ಸಿಕ್ಕರು. ಯಾವುದೋ ಕಂಪನಿಯ ಆಫೀಸಿನಲ್ಲಿ ಕೆಲಸ, ಮೆತ್ತಗಿನ ಮನುಷ್ಯ. ಕೈಯಲ್ಲಿ ಟೊಮೇಟೊದ ಇಡೀ ಪೆಟ್ಟಿಗೆ. ಅಜ್ಜಿ ಬಿದ್ದು ಕಾಲು ಮುರಿದುಕೊಂಡಿದ್ದಾರೆ, ನೋಡಿಕೊಳ್ಳಲು ಹೆಂಡತಿ ಊರಿಗೆ ಹೋಗಿದ್ದಾರೆ ಅಂತ ಗೊತ್ತಿತ್ತು. ಇಬ್ಬರಿಗೆ ಇಷ್ಟು ಟೊಮೇಟೊ ತಗೊಂಡು ಉಪ್ಪಿನಕಾಯಿ ಹಾಕುತ್ತೀರೇನು, ಹೆಂಡತಿ ಇಲ್ಲದಿದ್ದರೆ ಗಂಡಸರಿಗೆ ಅಂದಾಜೇ ಇರೋದಿಲ್ಲ ಅಂತ ಚೇಷ್ಟೆ ಮಾಡಿದೆ. ಅವರು ನಗಲಿಲ್ಲ. ಪೆಟ್ಟಿಗೆಯನ್ನು ನೆಲದ ಮೇಲಿಟ್ಟು ಅತ್ತ ಇತ್ತ ನೋಡಿದರು.

ಅಜ್ಜಿಗೆ ಏನೂ ಆಗಿಲ್ಲವಂತೆ. ಹೆಂಡತಿಗೆ ಕ್ಯಾನ್ಸರ್, ಮಂಗಳೂರಿನಲ್ಲಿ ಔಷಧಿ ನಡೆದಿದೆ. ಮಗಳಿಗೆ ಹೇಳಿಲ್ಲ. ವಾರ್ಷಿಕ ಪರೀಕ್ಷೆ ಮುಗಿಯುವ ತನಕ ಹೇಳುವುದಿಲ್ಲ ಅಂತ ಗಂಡ ಹೆಂಡತಿ ಇಬ್ಬರೂ ಮಾತಾಡಿಕೊಂಡಿದ್ದಾರೆ. ಆದರೆ ಹಿಂದಿನ ದಿನ ಊಟಕ್ಕೆ ಕೂತಾಗ ಹುಡುಗಿ, ಆಸ್ಪತ್ರೆಯಲ್ಲಿರುವ ಕೆಲವರ ಕೂದಲು ಯಾಕೆ ಉದುರುತ್ತದೆ ಅಂತ ಕೇಳಿದ್ದಾಳೆ. ಯಾವುದೋ ಕಾದಂಬರಿಯಲ್ಲಿ ಓದಿದೆ ಅಂದಳಂತೆ. ಆ ಕಾದಂಬರಿ ಕೊಟ್ಟವಳು ನಾನೇ.

“ಟೀಚರ್, ಅವಳಿಗೆ ಪುಸ್ತಕ ಕೊಡುವಾಗ ಒಮ್ಮೆ ನೋಡಿ ಕೊಡಿ, ಆಯ್ತಾ? ಅವಳು ಕೇಳಿದ್ರೆ ನನಗೆ ಸುಳ್ಳು ಹೇಳ್ಲಿಕ್ಕೆ ಬರುದಿಲ್ಲ,” ಅಂದರು.

ಅದೇನು ಮಹಾ, ನಾನು ನೋಡಿಕೊಳ್ಳುತ್ತೇನೆ ಬಿಡಿ ಅಂತ ಧೈರ್ಯ ಹೇಳಿ ಮನೆಗೆ ಬಂದೆ. ಶನಿವಾರ ಶಾಲೆಗೆ ಹೋಗಿ ಕಪಾಟುಗಳ ಮುಂದೆ ನಿಂತಾಗ ಆ ಧೈರ್ಯ ಎತ್ತ ಹೋಯಿತೋ. ಒಂದೊಂದೇ ಕಾದಂಬರಿ ತೆಗೆದೆ. ಇದರಲ್ಲಿ ತಾಯಿ ಹೆರಿಗೆಯಲ್ಲಿ ಹೋಗಿದ್ದಾಳೆ. ಇದರಲ್ಲಿ ಹಡಗು ಮುಳುಗಿ. ಇದರಲ್ಲಿ ತಾಯಿ ಇದ್ದಾಳಲ್ಲ ಅಂತ ಸಮಾಧಾನಪಟ್ಟುಕೊಂಡು ಹಾಳೆ ತಿರುವಿದರೆ ನಡುವಿನಲ್ಲಿ ಕೆಮ್ಮು ಶುರುವಾಗುತ್ತದೆ. ಅಯ್ಯೋ ದೇವರೇ, ಇಷ್ಟು ವರ್ಷ ಈ ಕೈಯಿಂದ ಮಕ್ಕಳಿಗೆ ಏನೇನು ಹಂಚಿದ್ದೇನೆ ಅನ್ನಿಸಿತು. ಅಂಥವನ್ನೆಲ್ಲ ಬೈಂಡಿಂಗಿಗೆ ಹೋಗಬೇಕಾದವು ಅಂತ ಹೇಳಿ ಬೀರುವಿಗೆ ಹಾಕಿ ಬೀಗ ಜಡಿದೆ. ಕಪಾಟು ಹಲ್ಲು ಮುರಿದ ಬಾಚಣಿಗೆಯಂತೆ ಕಂಡಿತು.

ಉಳಿದವುಗಳ ಪೈಕಿ ಅವಳಿಗೆ ಒಂದನ್ನು ಕೊಡುವ ಮೊದಲು ನಾನು ಕೊನೆಯ ಹಾಳೆಯವರೆಗೂ ಓದುತ್ತಿದ್ದೆ. ಅಡುಗೆಮನೆಯಲ್ಲಿ ರೊಟ್ಟಿ ಸೀದುಹೋಗುತ್ತಿತ್ತು. ಯಜಮಾನರಿಗೆ ನಗು. “ಪುಸ್ತಕದಾಗ ಯಾರೋ ಸತ್ರ ಈಕಿಗೇನ ಆಗ್ತದ? ಇಷ್ಟ್ಯಾಕ ಹೆದರ್ತಿ?” ಅಂದರು. ಅವರಿಗೇನು ಗೊತ್ತು. ಓದುವ ಮಗುವಿಗೆ ಪುಸ್ತಕದಲ್ಲಿ ಸತ್ತವರು ‘ಯಾರೋ’ ಅಲ್ಲ. ಎಲ್ಲೋ ಒಂದು ಹಾಳೆ ತಿರುವುವಾಗ ಅವಳಿಗೆ ತಟ್ಟನೆ ಹೊಳೆದುಬಿಟ್ಟರೆ, ಆ ಹೊತ್ತಿನಲ್ಲಿ ಮನೆಯಲ್ಲಿ ಒಬ್ಬಳೇ ಇದ್ದರೆ? ತಂದೆ ಆಫೀಸಿನಿಂದ ಬರುವುದು ಸಂಜೆ ಕಳೆದ ಮೇಲೆ.

ಮಕ್ಕಳಿಗೆ ಪುಸ್ತಕ ಆರಿಸಿ ಕೊಡುವವಳು ನಾನೊಬ್ಬಳೇ ಅಂದುಕೊಂಡಿದ್ದು ನನ್ನ ದಡ್ಡತನ. ಮಕ್ಕಳು ಒಬ್ಬರಿಗೊಬ್ಬರು ಹೇಳುತ್ತಾರೆ, ಬಸ್ಸಿನಲ್ಲಿ ಅದಲು ಬದಲು ಮಾಡಿಕೊಳ್ಳುತ್ತಾರೆ. ಒಮ್ಮೆ ಯಾರೋ ವಾಪಸು ಮಾಡಿದ ಕಾದಂಬರಿಯೊಂದು ಮೇಜಿನ ಮೇಲಿತ್ತು, ಅವಳು ಅದನ್ನು ಎತ್ತಿಕೊಂಡಳು. ಅದರಲ್ಲಿ ಏನಿದೆ ಅಂತ ನನಗೆ ಗೊತ್ತಿತ್ತು. ಹಾಳೆ ಕಿತ್ತುಹೋಗಿವೆ, ಬೇಡ ಅಂತ ಕೈಯಿಂದ ಕಸಿದೇಬಿಟ್ಟೆ. ಎಲ್ಲ ಹಾಳೆ ಇವೆಯಲ್ಲ ಅಂತ ಅವಳು ಮೆಲ್ಲಗೆ ಇಂಗ್ಲಿಷಿನಲ್ಲಿ ಹೇಳಿದಳು. ನಾನು ಕೇಳಿಸದವಳಂತೆ ಬೇರೆ ಪುಸ್ತಕ ಕೊಟ್ಟೆ.

ಇನ್ನೊಂದು ವಾರ, ಓದಿದ ಕಾದಂಬರಿಯ ಕಥೆಯನ್ನು ಮಕ್ಕಳೇ ಎದ್ದು ನಿಂತು ಹೇಳುವ ಪೀರಿಯಡ್. ಅವಳ ಕ್ಲಾಸಿನ ಒಬ್ಬ ಹುಡುಗಿ ಎದ್ದು ಹುಮ್ಮಸ್ಸಿನಿಂದ ಶುರುಮಾಡಿದಳು: ಒಂದು ಊರು, ಒಂದು ಮನೆ, ಹಾಸಿಗೆ ಹಿಡಿದ ತಾಯಿ. ಆ ಕಾದಂಬರಿ ನಮ್ಮ ಲೈಬ್ರರಿಯದ್ದೇ ಅಲ್ಲ, ಎಲ್ಲಿಂದ ತಂದಿದ್ದಳೋ. ಸಾಕು ಕೂತ್ಕೋ ಅಂತ ನಾನು ಕಿರುಚಿದೆ. ಅಷ್ಟು ಜೋರಾಗಿ ಕಿರುಚುವ ಮನಸ್ಸು ನನಗಿರಲಿಲ್ಲ. ಇಡೀ ಕ್ಲಾಸು ಬೆಚ್ಚಿತು, ಕಥೆ ಹೇಳುತ್ತಿದ್ದವಳು ಅರ್ಧ ಮಾತಿನಲ್ಲೇ ಕೂತುಬಿಟ್ಟಳು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ನನ್ನ ಎರಡು ಜಡೆಯವಳು ಮಾತ್ರ ನನ್ನನ್ನು ನೋಡುತ್ತಿದ್ದಳು. ಆ ನೋಟಕ್ಕೆ ನಾನು ಹೆದರಿದಷ್ಟು ಯಾವ ಪ್ರಿನ್ಸಿಪಾಲರಿಗೂ ಹೆದರಿಲ್ಲ.

ಮರುದಿನ ಬಿಡುವಿನ ಹೊತ್ತಿನಲ್ಲಿ ಅವಳು ಬಂದಳು. ಕಿಟಕಿಯ ಹತ್ತಿರ ನಾಲ್ಕಾರು ಮಕ್ಕಳು ಕೂತಿದ್ದರು, ಕೇರಳದವರು, ತಮಿಳಿನವರು. ಪುಸ್ತಕವನ್ನು ಮೇಜಿನ ಮೇಲಿಟ್ಟು, ಅವರಿಗೆ ತಿಳಿಯಬಾರದು ಅಂತ, ಮೊದಲ ಸಲ ನನ್ನ ಜೊತೆ ಕನ್ನಡದಲ್ಲಿ ಮಾತಾಡಿದಳು.

“ಮಿಸ್, ನೀವು ನನಗೆ ಕೊಡುವ ಬುಕ್ಕಲ್ಲಿ ಯಾರ ಮಮ್ಮಿಯೂ ಸಾಯುದಿಲ್ಲ. ಬೇರೆಯವರಿಗೆಲ್ಲ ಹಾಗೆ ಇಲ್ಲ.”

ಮಮ್ಮಿಗೆ ಕಾಯಿಲೆ ಅಂತ ತನಗೆ ಗೊತ್ತಾದದ್ದು ಹೇಗೆ ಅಂತಲೂ ಅವಳೇ ಹೇಳಿದಳು. ಊರಿಗೆ ಫೋನ್ ಮಾಡಿದರೆ ಕಾಲು ಮುರಿದ ಅಜ್ಜಿ ಮೊದಲ ರಿಂಗಿಗೇ ಬಂದು ಎತ್ತುತ್ತಾರಂತೆ. ಮಮ್ಮಿ ಮೊದಲೆಲ್ಲ ಜಡೆ ಹಾಕಿಕೊಂಡೆಯಾ, ಮೊಸರು ತಿಂದೆಯಾ ಅಂತ ಬೈಯುತ್ತಿದ್ದರಂತೆ, ಈಗ ಬೈಯುವುದಿಲ್ಲವಂತೆ. ಆಗಲೇ ಸಂಶಯ ಬಂದಿತ್ತು, ಆದರೆ ಖಾತ್ರಿ ಇರಲಿಲ್ಲ. ನಾನು ಕೊಡುತ್ತಿದ್ದ ಪುಸ್ತಕಗಳನ್ನು ಒಂದರ ಮೇಲೊಂದು ಓದಿದ ಮೇಲೆ ಖಾತ್ರಿಯಾಯಿತು.

ಮಮ್ಮಿ ಸಾಯುತ್ತಾರಾ ಅಂತ ಕೇಳಿದಳು. ಗೊತ್ತಿಲ್ಲವ್ವಾ ಅಂದೆ. ಅದು ನಿಜವೇ ಆಗಿತ್ತು. ಆಗ ಅವಳು ನನ್ನ ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಇನ್ನೊಂದು ಮಾತು ಹೇಳಿದಳು.

“ನಂಗೆ ಗೊತ್ತುಂಟು ಅಂತ ಡ್ಯಾಡಿಯತ್ರ ಹೇಳ್ಬೇಡಿ ಮಿಸ್. ಅವರು ಹೆದರ್ತಾರೆ.”

ಹನ್ನೆರಡು ತುಂಬದ ಮಗು. ರಾತ್ರಿಯೆಲ್ಲ ಒಂದು ಕೋಣೆಯಲ್ಲಿ ಅವರು, ಇನ್ನೊಂದು ಕೋಣೆಯಲ್ಲಿ ಇವಳು, ಒಬ್ಬರನ್ನೊಬ್ಬರು ಕಾಯುತ್ತ ಹೆದರಿ ಕೂತಿದ್ದಾರೆ, ನಡುವೆ ನಾನು ಪುಸ್ತಕ ಆರಿಸುತ್ತಿದ್ದೇನೆ. ನನ್ನ ಮೇಲೇ ನನಗೆ ಕೋಪ ಉಕ್ಕಿತು. ಇಲ್ಲ ತಂಗಿ, ನಾನು ಹೇಳುವವಳೇ, ಇವತ್ತೇ ಹೇಳುತ್ತೇನೆ ಅಂದೆ. ಅವಳು ಅಳಲಿಲ್ಲ. ಮುಖ ಬಿಗಿದುಕೊಂಡು ಹೊರಟುಹೋದಳು.

ಫೋನ್ ಮಾಡಿದ್ದಕ್ಕೆ ತಂದೆ ಶಾಲೆ ಬಿಡುವ ಹೊತ್ತಿಗೆ ಬಂದರು. ಮಕ್ಕಳ ಕುರ್ಚಿಯ ಮೇಲೆ ಮೊಣಕಾಲು ಎದೆಗೆ ತಾಗುವಂತೆ ಕೂತು ಎಲ್ಲವನ್ನೂ ಕೇಳಿದರು. ಆಮೇಲೆ ಅವರೂ ಹೊಟ್ಟೆಯೊಳಗಿದ್ದದ್ದನ್ನು ಹೇಳಿದರು. ಡಾಕ್ಟರು ಔಷಧಿ ನಿಲ್ಲಿಸಿ ಮನೆಗೆ ಕಳಿಸಿದ್ದಾರೆ. ಅಂದರೆ ಏನು ಅಂತ ನಮ್ಮಿಬ್ಬರಿಗೂ ಗೊತ್ತಿತ್ತು. ನಾನು ಇಷ್ಟು ದಿನ ಹೆದರಿದ್ದು ಹುಡುಗಿಗೆ ತಿಳಿದುಬಿಟ್ಟೀತು ಅಂತ. ಈಗ ಅದಕ್ಕಿಂತ ದೊಡ್ಡ ಹೆದರಿಕೆ ಎದುರು ಬಂದು ಕೂತಿತು. ಇವಳು ತಲುಪುವುದರೊಳಗೆ ಆಕೆ ಹೋಗಿಬಿಟ್ಟರೆ?

ಹಾಗಾದರೆ ನೀವಿನ್ನೂ ಇಲ್ಲಿ ಏನು ಮಾಡುತ್ತಿದ್ದೀರಿ ಅಂತ ಕೇಳಿದೆ. ಪರೀಕ್ಷೆ ಅಂದರು. ಹಿಂದೆಯೇ ಒಮ್ಮೆ ರಜೆ ತೆಗೆದಾಗಿದೆ, ಮತ್ತೆ ಕೇಳಿದರೆ ಕೆಲಸವೇ ಹೋದೀತು, ವೀಸಾ ಕೊಟ್ಟ ಒಮಾನಿ ಧಣಿ ಕಫೀಲ್ ಏನನ್ನುತ್ತಾನೋ ಅಂದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. “ಪರೀಕ್ಷಾ ಮುಂದಿನ ವರ್ಷನೂ ಬರ್ತದರೀ. ಕೇಳದನ ಆ ಮನಷ್ಯಾ ಒಲ್ಲೆ ಅಂತಾನಂತ ನೀವ ಹೆಂಗ ಅಂತೀರಿ?” ಅಂತ ನಮ್ಮ ಊರ ಭಾಷೆಯಲ್ಲೇ ರೇಗಿದೆ. ಅವರು ಕಣ್ಣೊರೆಸಿಕೊಂಡು ಎದ್ದರು. ಮರುದಿನ ಕಫೀಲ್ ಎದುರು ಅರ್ಧ ಮಾತಾಡುವಷ್ಟರಲ್ಲೇ ಆತ, ಖಲಾಸ್, ಯಲ್ಲಾ, ಸಾಕು ಮಾತು, ಮೊದಲು ಹೊರಡು ಅಂದನಂತೆ. ಇದುವರೆಗೆ ನನಗೆ ಯಾಕೆ ಹೇಳಲಿಲ್ಲ ಅಂತ ಬೈದನಂತೆ ಕೂಡ.

ವಿಮಾನದಲ್ಲಿ ಸೀಟು ಸಿಕ್ಕಿದ್ದು ವಾರದ ಕೊನೆಗೆ. ಅಲ್ಲಿಯ ತನಕ ಮನೆಯಲ್ಲಿ ಫೋನ್ ಬಾರಿಸಿದರೆ ಸಾಕು, ನನ್ನ ಜೀವ ಬಾಯಿಗೆ ಬರುತ್ತಿತ್ತು. ಎತ್ತಿದರೆ ಯಾವಳೋ ಗೆಳತಿ ಚಟ್ನಿಪುಡಿಯ ಅಳತೆ ಕೇಳುತ್ತಿದ್ದಳು.

ಹೊರಡುವ ಮುನ್ನಾದಿನ ಹುಡುಗಿ ಲೈಬ್ರರಿಗೆ ಬಂದಳು. ನನ್ನ ಮೇಲಿನ ಮುನಿಸು ಇನ್ನೂ ಇಳಿದಿರಲಿಲ್ಲ. ಕಪಾಟಿನ ಮುಂದೆ ನಿಂತು ಒಂದೊಂದೇ ಕಾದಂಬರಿ ತೆಗೆದು ಕೊನೆಯ ಹಾಳೆ ನೋಡಿ ಒಳಗಿಡುತ್ತಿದ್ದಳು. ಯಾರಿಗವ್ವಾ ಅಂದೆ. ಮಮ್ಮಿಗೆ ಓದಿ ಹೇಳಲಿಕ್ಕೆ ಅಂದಳು. ಒಂದು ದಪ್ಪ ಕಾದಂಬರಿ ಆರಿಸಿ ತಂದು ಮುಂದಿಟ್ಟು, ಇದರಲ್ಲಿ ಎಲ್ಲರೂ ಕೊನೆವರೆಗೂ ಇರುತ್ತಾರಾ ಅಂತ ಕೇಳಿದಳು. ಅವಳಿಗೆ ಇನ್ನು ಸುಳ್ಳು ಹೇಳುವ ಧೈರ್ಯ ನನಗಿರಲಿಲ್ಲ. ಮನುಷ್ಯರೆಲ್ಲ ಇರುತ್ತಾರೆ, ಕೊನೆಗೆ ಆ ಮನೆಯ ಮುದಿ ನಾಯಿ ಸಾಯುತ್ತದೆ ಅಂದೆ. ಸ್ವಲ್ಪ ಯೋಚಿಸಿ, ಪರವಾಗಿಲ್ಲ, ಆ ಪುಟ ನಾನು ಮಮ್ಮಿಗೆ ಓದುವುದಿಲ್ಲ ಅಂದಳು. ಬ್ಯಾಗಿನಲ್ಲಿ ಹಾಕಿಕೊಂಡು ಹೋದಳು.

ತಾಯಿ ತೀರಿಕೊಂಡ ಸುದ್ದಿ ಕೆಲವು ವಾರಗಳಲ್ಲಿ ಶಾಲೆಗೆ ಬಂತು. ಯಾವಾಗ, ಹೇಗೆ ಅಂತ ಯಾರನ್ನೂ ಕೇಳಲಿಲ್ಲ. ಹುಡುಗಿ ಆಗ ಎಲ್ಲಿದ್ದಳು ಅಂತ ಕೇಳುವುದಕ್ಕೂ ಹೆದರಿಕೆ. ಕೋಣೆಯ ಬಾಗಿಲ ಹೊರಗೆ ಕೂರಿಸಿದ್ದರೋ, ಪಕ್ಕದ ಮನೆಗೆ ಕಳಿಸಿದ್ದರೋ. ಮಕ್ಕಳನ್ನು ಹಾಗೆ ಕಳಿಸುವುದು ನಮ್ಮ ಜನಕ್ಕೆ ಹೊಸತೇನಲ್ಲ.

ಏಪ್ರಿಲ್‌ನಲ್ಲಿ ಹೊಸ ವರ್ಷದ ತರಗತಿಗಳು ಶುರುವಾದವು. ಎಂಟನೇ ಕ್ಲಾಸಿನ ಪಟ್ಟಿಯಲ್ಲಿ ಅವಳ ಹೆಸರಿತ್ತು, ಪರೀಕ್ಷೆ ಇಲ್ಲದೆಯೇ ಮುಂದಕ್ಕೆ ಹಾಕಿದ್ದರು. ಅವರ ಮೊದಲ ಲೈಬ್ರರಿ ಪೀರಿಯಡ್ ದಿನ ನನಗೆ ಬೆಳಗಿನಿಂದ ಅದೇ ಯೋಚನೆ. ಏನು ಮಾತಾಡಲಿ, ಯಾವ ಪುಸ್ತಕ ಕೊಡಲಿ? ಎಲ್ಲರೂ ಕಪಾಟುಗಳ ಕಡೆ ನುಗ್ಗಿದ ಮೇಲೆ ಅವಳು ನನ್ನ ಮೇಜಿನ ಹತ್ತಿರ ಬಂದು ಆ ದಪ್ಪ ಕಾದಂಬರಿಯನ್ನು ಇಟ್ಟಳು. ಜಡೆ ಕತ್ತರಿಸಿ ಕೂದಲು ಗಿಡ್ಡ ಮಾಡಿದ್ದರು, ಕುತ್ತಿಗೆ ಇನ್ನಷ್ಟು ಸಣ್ಣಗೆ ಕಾಣುತ್ತಿತ್ತು.

ಪೂರ್ತಿ ಆಗಲಿಲ್ಲ ಅಂದಳು, ಕನ್ನಡದಲ್ಲೇ. ನಾಯಿಯವರೆಗೆ ತಾವು ಹೋಗಲೇ ಇಲ್ಲವಂತೆ. ಆಮೇಲೆ ಉಳಿದದ್ದನ್ನು ಒಬ್ಬಳೇ ಓದಲು ಮನಸ್ಸಾಗಲಿಲ್ಲವಂತೆ.

“ಮಿಸ್, ಆ ನಾಯಿ ಸಾಯುವಾಗ ಹತ್ತಿರ ಯಾರಾದ್ರೂ ಇದ್ರಾ?”

ಇದ್ದರು, ಆ ಮನೆಯ ಹುಡುಗಿ ಅದರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು ಅಂದೆ.

“ನಾನು ಸಹ ಇದ್ದೆ ಮಿಸ್,” ಅಂದಳು.