ಬಲಕ್ಕೆ ಸುತ್ತುವ ಬೇಸ್‌ಬಾಲ್

ಮೊದಲು ಬಾತದ್ದು ಮಗಳ ಎಡ ಮೊಣಕಾಲು. ಎರಡು ದಿನಕ್ಕೆ ಅದು ತಾನಾಗಿಯೇ ಇಳಿದು, ಬಲಗಾಲಿನ ಪಾದದ ಗಂಟಿಗೆ ಬಂತು. ಶಾಲೆಯ ಖೋಖೋ ಆಟದಲ್ಲಿ ಯಾರ ಕೈಗೂ ಸಿಗದೆ ಓಡುವ ಒಂಬತ್ತು ವರ್ಷದ ಹುಡುಗಿ. ಎಲ್ಲೋ ಉಳುಕಿದೆ ಎಂದುಕೊಂಡು ಎಣ್ಣೆ ಕಾಯಿಸಿ ತಿಕ್ಕಿದೆ. ಅದಕ್ಕೂ ಎರಡು ವಾರ ಮೊದಲು ಅವಳಿಗೆ ಗಂಟಲು ನೋವು ಬಂದು ಹೋಗಿತ್ತು. ಗಂಟಲಿಗೂ ಕಾಲಿಗೂ ನಂಟಿರುತ್ತದೆ ಎಂದು ನನಗೆ ಹೇಗೆ ತಿಳಿಯಬೇಕು? ಜ್ವರ ಇಳಿಯದಾಗ ಬನಹಟ್ಟಿಯಲ್ಲಿ ಬಸ್ಸು ಹತ್ತಿ ಜಮಖಂಡಿಗೆ ಮಕ್ಕಳ ಡಾಕ್ಟರ ಹತ್ತಿರ ಹೋದೆವು. ಆ ದಿನ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು, ಮಗು ತೊಡೆಯ ಮೇಲೆ ಮಲಗಿಕೊಂಡಿತು. ಅದನ್ನೂ ಮನೆದೇವಿ ಕೊಟ್ಟದ್ದೆಂದೇ ನಾನು ಎಣಿಸಿದ್ದೇನೆ.

ಡಾಕ್ಟರರು ಅವಳ ಎದೆಗೆ ಕೊಳವೆ ಹಚ್ಚಿ ಬಹಳ ಹೊತ್ತು ಕೇಳಿದರು, ಹೃದಯದ ಸ್ಕ್ಯಾನ್ ಮಾಡಿಸಿದರು. ಗಂಟಲಿನ ಸೋಂಕು ಹೃದಯದ ಕವಾಟಕ್ಕೆ ಸ್ವಲ್ಪ ತಾಗಿದೆ, ಹೆದರಬೇಡಿ, ಆದರೆ ಓಡಬಾರದು, ಜಿಗಿಯಬಾರದು, ಇಪ್ಪತ್ತೊಂದು ದಿನಕ್ಕೊಮ್ಮೆ ಸೂಜಿ ತಪ್ಪಿಸಬಾರದು ಎಂದರು. ಮತ್ತೆ ಯಾವಾಗ ಓಡಬಹುದು ಎಂದು ಕೇಳಿದವಳು ಮಗಳೇ. ನೋಡೋಣ ಎಂದರು. ಆ ಮಾತು ಅವಳಿಗೆ ಸೂಜಿಗಿಂತ ಹೆಚ್ಚು ಚುಚ್ಚಿತು. ಮನೆಗೆ ಬಂದವಳು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಗಂಜಿ ಕೊಟ್ಟರೆ ಎರಡು ಚಮಚ ಕುಡಿದು ಸಾಕೆನ್ನುವಳು. ನಾನು ಮನೆದೇವಿ ಬನಶಂಕರಿಗೆ ಶುಕ್ರವಾರದ ಉಪವಾಸ ಹಿಡಿದೆ. ಇವಳು ಮೊದಲಿನಂತೆ ಓಡಲಿ ತಾಯಿ, ಮತ್ತೇನೂ ಬೇಡ ಎಂದು ಬೇಡಿಕೊಂಡೆ.

ಅವಳ ಬೇಸರ ನೋಡಲಾರದೆ ನನ್ನ ತಮ್ಮ ಒಂದು ಪೆನ್ ಡ್ರೈವ್ ತಂದು ಟಿ.ವಿ.ಗೆ ಸಿಗಿಸಿ ಹೋದ. ಕಾರ್ಟೂನ್ ಸಿನಿಮಾ, ಮಾತೆಲ್ಲ ಹಿಂದಿ. ಅದರಲ್ಲಿ ಆಸ್ಪತ್ರೆಯ ಮಂಚದ ಮೇಲಿರುವ ಒಬ್ಬ ಹುಡುಗ, ಅವನಿಗೆ ಬೇಸ್‌ಬಾಲ್ ಎಂದರೆ ಪ್ರಾಣ. ಮಲಗುವಾಗಲೂ ತಲೆಯ ಮೇಲಿನ ಟೋಪಿ ತೆಗೆಯುವುದಿಲ್ಲ. ಇಂಥದ್ದನ್ನೇ ಯಾಕೆ ತಂದ ಎಂದು ತಮ್ಮನ ಮೇಲೆ ನನಗೆ ಸಿಟ್ಟು ಬಂತು. ಆದರೆ ಮಗಳು ಗೋಡೆ ಬಿಟ್ಟು ಈ ಕಡೆ ಹೊರಳಿದ್ದಳು. ನಾನು ಹೊಲಿಗೆ ಹಿಡಿದು ಪಕ್ಕದಲ್ಲಿ ಕೂತೆ, ನಮ್ಮ ಅತ್ತೆ ಅವರೆಕಾಯಿ ಬಿಡಿಸುತ್ತ ಕೂತರು.

ಅತ್ತೆಗೆ ಹಿಂದಿಯೂ ಬಾರದು, ಆ ಆಟವೂ ಗೊತ್ತಿಲ್ಲ. ಒಬ್ಬ ಚೆಂಡು ಹೊಡೆದು ಓಡುತ್ತಾನೆ, ನಾಲ್ಕು ಮೂಲೆಗಳನ್ನು ಮುಟ್ಟಿ ಹೊರಟಲ್ಲಿಗೇ ಬರುತ್ತಾನೆ, ಎಲ್ಲರೂ ಎದ್ದು ನಿಂತು ಕೈ ಎತ್ತುತ್ತಾರೆ. ಬಹಳ ಹೊತ್ತು ನೋಡಿ ಮೊಮ್ಮಗಳನ್ನು ಕೇಳಿದರು.

“ನಡುವ ನಿಂತಾಂವ ಪೂಜಾರಿ ಏನಬೇ?”

“ಅಂವ ಚೆಂಡ ಒಗ್ಯಾಂವ ಆಯಿ.”

“ಮತ್ತ ಇವರೆಲ್ಲಾ ಪ್ರದಕ್ಷಿಣಿ ಹಾಕೂದು ಯಾರಿಗೆ? ಅದೂ ಉಲ್ಟಾ. ದೇವರು ಬಲಕ್ಕಿರಬೇಕು, ಇವ್ರು ಎಡಕ್ಕ ಇಟ್ಟು ಸುತ್ತಾಕತ್ತಾರ. ಹಿಂಗ ಸುತ್ತಿದ್ರ ಆ ಕೂಸಿನ ಬ್ಯಾನಿ ಎಲ್ಲಿಂದ ಹೋಗಬೇಕು?”

ಮಗಳು ನಕ್ಕಳು. ಹಾಸಿಗೆ ಹಿಡಿದ ಮೇಲೆ ಅವಳ ನಗು ಕೇಳಿದ್ದು ಅವತ್ತೇ. ನಗುತ್ತಲೇ ಎದ್ದು ದಿಂಬಿಗೆ ಒರಗಿ ಕೂತು, ನಾನು ಕೊಟ್ಟ ಗಂಜಿಯನ್ನು ಪೂರ್ತಿ ಕುಡಿದಳು. ನಾನು ಒಳಗೆ ಹೋಗಿ ದೇವರ ಮುಂದೆ ದೀಪದ ಬತ್ತಿ ಸರಿ ಮಾಡಿ ಬಂದೆ.

ಬರುವಷ್ಟರಲ್ಲಿ ಕಥೆ ತಿರುಗಿತ್ತು. ಹುಡುಗನಿಗೆ ಬೇನೆ ಜೋರಾಗಿ, ಡಾಕ್ಟರರು ತಲೆ ತಗ್ಗಿಸಿ ಅವನ ತಾಯಿಯನ್ನು ಹೊರಗೆ ಕರೆದುಕೊಂಡು ಹೋದರು. ಮಗಳು ನಗು ಬಿಟ್ಟು ಚಾದರದ ಅಂಚು ಹಿಡಿದು ನೋಡುತ್ತಿದ್ದಳು. ಇವನಿಗೆ ಏನಾದರೂ ಆದರೆ ಇವಳ ಮನಸ್ಸಿಗೆ ಏನಾದೀತು? ನನಗೆ ತಡೆಯಲಾಗಲಿಲ್ಲ. ಮೆಲ್ಲಗೆ ಎದ್ದು ಹೋಗಿ ಪಡಸಾಲೆಯ ಮೇನ್ ಸ್ವಿಚ್ ಇಳಿಸಿದೆ. ಟಿ.ವಿ. ಆರಿತು, ಫ್ಯಾನು ನಿಂತಿತು. ಕರೆಂಟ್ ಹೋಯಿತು ಎನ್ನುತ್ತ ಒಳಗೆ ಬಂದೆ.

ಮಗಳು ಕಿಟಕಿಯ ಕಡೆ ಗೋಣು ತಿರುಗಿಸಿದಳು.

“ಅವ್ವಾ, ಮಗ್ಗ ನಡದಾವಲ್ಲ.”

ನಮ್ಮದು ನೇಕಾರರ ಓಣಿ. ನಮ್ಮ ಮನೆಯವರ ಎರಡು ಪವರ್‌ಲೂಮ್ ಬೇರೆ ಮೀಟರಿನ ಮೇಲೆ ಹಿತ್ತಲಿನ ಶೆಡ್ಡಿನಲ್ಲಿ ಖಟಪಟ ಎನ್ನುತ್ತಿದ್ದವು. ಎದುರು ಮನೆಯವು, ಆಚೆ ಮನೆಯವು, ಇಡೀ ಓಣಿಯ ಮಗ್ಗಗಳು ಒಂದೂ ತಪ್ಪದೆ ನಡೆದಿದ್ದವು. ಇಲ್ಲಿ ಕರೆಂಟ್ ಹೋದದ್ದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಮೂವತ್ತು ವರ್ಷ ಆ ಸದ್ದಿನಲ್ಲೇ ಬಾಳಿದವಳು ನಾನು, ಸುಳ್ಳು ಹೇಳುವಾಗ ಅದನ್ನೇ ಮರೆತಿದ್ದೆ.

“ಅಂವ ಸಾಯ್ತಾನಂತ ಅಂಜಿ ಬಂದ್ ಮಾಡಿದಿ. ಹೌದಿಲ್ಲೋ?” ಎಂದಳು.

ಅವಳಿಗೆ ತಿಳಿಯದಂತೆ ನಾನು ಬಚ್ಚಿಟ್ಟುಕೊಂಡಿದ್ದ ಅಂಜಿಕೆಯನ್ನು ಅವಳು ಅಷ್ಟು ಸಲೀಸಾಗಿ ಎತ್ತಿ ಹೊರಗಿಟ್ಟಿದ್ದಳು. ಅತ್ತೆ ಅವರೆಕಾಯಿಯ ಬುಟ್ಟಿ ಸರಿಸಿದರು.

“ಹೋಗಬೇ, ಹಚ್ಚಿ ಬಾ. ನಾ ನಮ್ಮ ಕೂಸಿನ ಜೋಡಿ ಅವಂದೂ ಸೇರಿಸಿ ಬನಶಂಕರಿಗೆ ಬೇಡಕೊಂಡೀನಿ. ಏನಾತು ಅಂತ ನಾನೂ ನೋಡಬೇಕು.”

ಹಚ್ಚಿದೆ. ಹುಡುಗ ಬದುಕಿದ. ಕೊನೆಗೆ ಮೈದಾನಕ್ಕೆ ಬಂದು ಚೆಂಡು ಹೊಡೆದ. ಅದು ಮೇಲೇರಿ ಗೋಡೆಯಾಚೆ ಬಿತ್ತು. ಓಡಲು ಅವನ ಕಾಲಿನಲ್ಲಿ ಕಸುವಿಲ್ಲ. ಆದರೆ ಆ ಆಟದಲ್ಲಿ ಚೆಂಡು ಗೋಡೆ ದಾಟಿದರೆ ಯಾರೂ ಔಟ್ ಮಾಡುವಂತಿಲ್ಲವಂತೆ. ನಡೆದುಕೊಂಡು ಹೋದರೂ ನಡೆಯುತ್ತದೆಯಂತೆ. ಅವನು ಒಂದೊಂದೇ ಹೆಜ್ಜೆ ಇಡುತ್ತ ನಾಲ್ಕೂ ಮೂಲೆ ಮುಟ್ಟಿ ಬಂದ. ನನ್ನ ಸೆರಗು ಒದ್ದೆಯಾಗಿತ್ತು. ಮಗಳ ಕಣ್ಣಿನಲ್ಲಿ ಒಂದು ಹನಿಯೂ ಇರಲಿಲ್ಲ. ಅವಳು ಬಾಗಿಲಾಚೆಯ ಅಂಗಳವನ್ನು ಕಣ್ಣಿನಲ್ಲೇ ಅಳೆಯುತ್ತಿದ್ದಳು.

ಮುಂದಿನ ಸೂಜಿಗೆ ಹೋದಾಗ ಅವಳು ಮಂಚ ಹತ್ತುವ ಮೊದಲೇ ಡಾಕ್ಟರರ ಮುಂದೆ ತನ್ನ ಅರ್ಜಿ ಇಟ್ಟಳು. ಗೋಡೆ ದಾಟಿಸಿ ಹೊಡೆಯುತ್ತೇನೆ, ನಡೆದೇ ಸುತ್ತುತ್ತೇನೆ, ಓಡುವುದಿಲ್ಲ. ಅವರು ನಕ್ಕು ನನ್ನ ಮುಖ ನೋಡಿದರು. ಬಾವು ಇಳಿದಿದೆ, ದಣಿಯದಷ್ಟು ಆಡಲಿ, ಓಡಿದರೆ ಮಾತ್ರ ಆಟ ಬಂದ್ ಎಂದರು. ಅವತ್ತು ಮಗಳು ಸೂಜಿಗೆ ಅಳಲಿಲ್ಲ.

ಅವಳ ಅಪ್ಪ ಮಗ್ಗದಲ್ಲಿ ಲಾಳಿಯನ್ನು ಹೊಡೆಯುವ ಕಟ್ಟಿಗೆಯ ಮುರಿದ ತುಂಡೊಂದನ್ನು ಉಜ್ಜಿ ನುಣುಪು ಮಾಡಿ ಬ್ಯಾಟು ಎಂದು ಕೊಟ್ಟರು. ನಾನು ಉಳಿದ ಬಣ್ಣಬಣ್ಣದ ನೂಲನ್ನು ಬಿಗಿಯಾಗಿ ಸುತ್ತಿ ಚೆಂಡು ಮಾಡಿದೆ. ಅಂಗಳದ ನಡುವೆ ತುಳಸಿಕಟ್ಟೆ. ಬೀಸುವ ಕಲ್ಲು, ನಲ್ಲಿ, ಸೈಕಲ್ಲು ಮೂರು ಮೂಲೆಗಳು. ಹೊಸ್ತಿಲು ನಾಲ್ಕನೆಯದು, ಹೊರಟು ಮರಳಿ ಮುಟ್ಟಬೇಕಾದ ‘ಮನೆ’ ಅದೇ. ಅಲ್ಲಿಯೂ ಅತ್ತೆಯ ತಕರಾರು ಬಂತು. ಹೊಸ್ತಿಲಿಗೆ ಕಾಲು ಹಚ್ಚಬಾರದು, ಬಗ್ಗಿ ಕೈಯಿಂದ ಮುಟ್ಟಬೇಕು. ತುಳಸಿ ಬಲಕ್ಕಿರಬೇಕು. ಸಿನಿಮಾದಲ್ಲಿ ಎಡಕ್ಕೆ ಇತ್ತು ಎಂದು ಮಗಳು ವಾದಿಸಿದಳು.

“ಅದು ಅವರ ಊರು. ಬನಹಟ್ಟ್ಯಾಗ ಹಿಂಗಽ,” ಎಂದರು ಅತ್ತೆ.

ದಿನಾ ಐದು ಗಂಟೆಗೆ ನಾನು ಸೆರಗು ಸಿಗಿಸಿಕೊಂಡು ಚೆಂಡು ಒಗೆಯುವವಳು. ನನ್ನ ಕೈಯ ಚೆಂಡು ನೆಟ್ಟಗೆ ಹೋದದ್ದು ಕಡಿಮೆ. ಒಮ್ಮೆ ಅತ್ತೆಯ ಚಹಾದ ಬಟ್ಟಲಿಗೆ ಬಿದ್ದು, ಆ ದಿನ ಆಟ ಅಲ್ಲಿಗೇ ಮುಗಿಯಿತು. ಅವಳು ಹೊಡೆದದ್ದು ಗೋಡೆಯಾಚೆ ಬಿದ್ದರೆ ಪಕ್ಕದ ಮನೆಯ ಬಾಣಂತಿ ಮಗುವನ್ನು ಎತ್ತಿಕೊಂಡೇ ಬಂದು ಚೆಂಡು ಮರಳಿ ಎಸೆಯುತ್ತಿದ್ದಳು. ಮಗಳು ಕಲ್ಲು ಮುಟ್ಟಿ, ನಲ್ಲಿ ಮುಟ್ಟಿ, ಸೈಕಲ್ಲು ಮುಟ್ಟಿ, ತುಳಸಿಯನ್ನು ಬಲಕ್ಕಿಟ್ಟು ಮದುವೆಯ ಹೆಣ್ಣಿನಂತೆ ನಿಧಾನಕ್ಕೆ ನಡೆದು ಬರುತ್ತಿದ್ದಳು. ತಿಂಗಳುಗಟ್ಟಲೆ ಹೀಗೇ ನಡೆಯಿತು. ಒಂದು ದಿನವೂ ಕದ್ದು ಓಡಲಿಲ್ಲ. ನಾನೇ ಅವಳಿಗೆ ಸುಳ್ಳು ಹೇಳಿದವಳು, ಅವಳು ಮಾತ್ರ ಡಾಕ್ಟರರಿಗೆ ಕೊಟ್ಟ ಮಾತು ಉಳಿಸಿಕೊಂಡಳು.

ಮತ್ತೊಮ್ಮೆ ಹೃದಯದ ಸ್ಕ್ಯಾನ್ ಮಾಡಿಸಿದ ದಿನ ಡಾಕ್ಟರರು ಆ ಕಾಗದವನ್ನು ಎರಡು ಸಲ ನೋಡಿದರು. ಸೂಜಿ ಇನ್ನೂ ಹಲವು ವರ್ಷ ತಪ್ಪಿಸಬಾರದು ಎಂದರು. ನಂತರ ಕುರ್ಚಿ ಅವಳ ಕಡೆ ತಿರುಗಿಸಿ, ಇನ್ನು ಓಡಬಹುದು, ದಣಿವಾದರೆ ನಿಲ್ಲಬೇಕು ಎಂದರು. ಅವಳು ಅಲ್ಲೇ ಕಾರಿಡಾರಿನಲ್ಲಿ ಓಡಿಯಾಳೆಂದು ನಾನು ಕೈ ಹಿಡಿದೆ.

ಅವತ್ತು ಸಂಜೆ ನಾನು ಒಗೆದ ಮೊದಲ ಚೆಂಡನ್ನು ಅವಳು ಬೇಕಂತಲೇ ಮೆಲ್ಲಗೆ ಹೊಡೆದಳು. ಅದು ಅಂಗಳದಲ್ಲೇ ಉರುಳಿತು. ಗೋಡೆ ದಾಟಿದರೆ ಓಡಬೇಕಾಗಿಯೇ ಇಲ್ಲವಲ್ಲ. ನಾನು ಚೆಂಡಿನ ಹಿಂದೆ, ಅವಳು ಕಲ್ಲಿನ ಕಡೆಗೆ. ಎರಡು ಜಡೆ ಹಾರುತ್ತಿದ್ದವು. ಚೆಂಡು ಎತ್ತುವುದನ್ನು ಬಿಟ್ಟು ನಾನು ನೋಡುತ್ತ ನಿಂತೆ. ನಲ್ಲಿಯ ಹತ್ತಿರದ ಹಸಿಯಲ್ಲಿ ಜಾರಿ ಬಿದ್ದಳು. ನಾನು ಅವಳ ಕಡೆ ಓಡಿದೆ.

ಎದ್ದು ಕೂತಳು. ಮೊಣಕಾಲಿನ ಚರ್ಮ ತರಚಿ ರಕ್ತ ಒಸರುತ್ತಿತ್ತು. ಬಾವಲ್ಲ, ಬೇನೆಯಲ್ಲ, ಓಡಿ ಬಿದ್ದ ಮಕ್ಕಳಿಗೆಲ್ಲ ಆಗುವ ಗಾಯ. ತೊಳೆದು ಅರಿಶಿಣ ಒತ್ತಿದೆ. ಹೊಸ್ತಿಲಿನ ಬಳಿ ಕೂತಿದ್ದ ಅತ್ತೆ ಮನೆ ಮುಟ್ಟಿಲ್ಲ, ಔಟು ಎಂದು ತೀರ್ಪು ಕೊಟ್ಟರು. ಬಿದ್ದದ್ದಕ್ಕೆ ಔಟು ಕೊಡುವಂತಿಲ್ಲ ಎಂದು ಅವಳು ಜಗಳಕ್ಕೆ ನಿಂತಳು. ಅವರಿಬ್ಬರ ಜಗಳದ ನಡುವೆ ನಾನು ಅವಳ ಎದೆಯ ಮೇಲೆ ಅಂಗೈ ಇಟ್ಟೆ. ಓಡಿ ಬಂದವರ ಎದೆ ಬಡಿಯುವ ಹಾಗೆ ಬಡಿಯುತ್ತಿತ್ತು, ಜೋರಾಗಿ, ತಾಳ ತಪ್ಪದೆ.

ಅವಳು ನನ್ನ ಕೈ ಸರಿಸಿದಳು.

“ಸಾಕ ಬಿಡವ್ವ. ಇನ್ನೊಂದ ಚೆಂಡ ಒಗಿ.”

ಒಗೆದೆ.