ನನ್ನದೇ ಮಾಸನ್ನು ಅರೆದ ದಿನ

ಜಿಗಣಿಯ ಕೈಗಾರಿಕಾ ಪ್ರದೇಶದಲ್ಲಿ ನಾನು ಕೆಲಸ ಮಾಡುವ ಲ್ಯಾಬಿಗೆ ಹೆರಿಗೆ ಆಸ್ಪತ್ರೆಯಿಂದ ಐಸ್ ಪೆಟ್ಟಿಗೆಯಲ್ಲಿ ಮಾಸು, ಎಂದರೆ ಮಗುವಿನ ಹಿಂದೆ ಹೊರಬೀಳುವ ಪ್ಲಸೆಂಟಾ, ಬರುತ್ತದೆ. ತಾಯಿ ಒಪ್ಪಿ ಕೊಟ್ಟದ್ದು, ಅದೂ ಮಗು ಬದುಕಿ ಹುಟ್ಟಿದ ಹೆರಿಗೆಯದು ಮಾತ್ರ. ಅದನ್ನು ರಕ್ತ ಹೋಗುವ ತನಕ ತೊಳೆದು, ಕತ್ತರಿಸಿ, ಅರೆದು, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಒಳಗಿನ ಅರೋಮಟೇಸ್ ಎಂಬ ಕಿಣ್ವ ಎಷ್ಟು ಚುರುಕಾಗಿದೆ ಎಂದು ಅಳೆಯುವುದು ನನ್ನ ಕೆಲಸ. ಹೊಸ ಔಷಧಿಗಳು ಆ ಕಿಣ್ವವನ್ನು ಏನು ಮಾಡುತ್ತವೆ ಎಂದು ಕಂಪನಿಗಳಿಗೆ ತಿಳಿಯಬೇಕು.

ನಮ್ಮತ್ತೆಗೆ ಈ ಕೆಲಸ ಮೊದಲಿನಿಂದಲೂ ಸೇರದು. ಅವರು ಇಲ್ಲಿಯ ಹಳೇ ಊರಿನವರು. ಅವರ ಕಾಲದಲ್ಲಿ ಮಾಸನ್ನು ಮಡಕೆಗೆ ಹಾಕಿ, ಅರಿಶಿನ ಹಚ್ಚಿ, ಬಚ್ಚಲ ಹಿಂದೆ ಆಳವಾಗಿ ಹೂಳುತ್ತಿದ್ದರಂತೆ. "ನಾಯಿ ಮುಟ್ಟಬಾರ್ದೂಂತ ನಾವು ಮೇಲೆ ಕಲ್ಲಿಡ್ತಿದ್ವಿ. ನೀವು ನೋಡಿದ್ರೆ ಮಿಕ್ಸಿಗೆ ಆಕ್ತೀರ!" ಎನ್ನುತ್ತಿದ್ದರು. ಅದು ಮಿಕ್ಸಿಯಲ್ಲ ಎಂದು ವಿವರಿಸಿ ವಿವರಿಸಿ ನನಗೆ ಸಾಕಾಗಿತ್ತು.

ಮದುವೆಯಾಗಿ ಬಹಳ ವರ್ಷಗಳ ಮೇಲೆ ನಾನು ಬಸುರಿಯಾದೆ. ಎಂಟನೇ ತಿಂಗಳಲ್ಲಿ ಮಗುವಿನ ಮಿಸುಕಾಟ ನಿಂತಿತು. ಸತ್ತ ಮಗುವನ್ನೇ ಹೆತ್ತೆ. ಹೆಣ್ಣುಮಗು, ತಲೆತುಂಬ ಕೂದಲು. "ಕಾರಣ ಹೇಳೋಕಾಗಲ್ಲ, ಕೆಲವು ಸಲ ಹೀಗಾಗತ್ತೆ" ಎಂದರು ಡಾಕ್ಟರು. ಅತ್ತೆಯ ಬಳಿ ಕಾರಣ ಸಿದ್ಧವಾಗಿತ್ತು. "ಕಂಡೋರ ಮಾಸು ಮುಟ್ಟೋ ಕೆಲ್ಸ ಬ್ಯಾಡ ಅಂತ ಬಡ್ಕೊಂಡೆ. ಕೇಳಿದ್ಯಾ?"

ನಿಜ ಹೇಳಬೇಕೆಂದರೆ ನನಗೂ ಅದೇ ಭಯವಿತ್ತು. ಲ್ಯಾಬಿನ ಯಾವುದೋ ದ್ರಾವಣ ಮೂಗಿನಿಂದಲೋ ಚರ್ಮದಿಂದಲೋ ಒಳಗಿಳಿದು ನನ್ನ ಮಾಸಿನ ಕಿಣ್ವವನ್ನು ಕೊಂದಿತೇ? ಮಗು ಹೋಗಲು ನೂರು ಕಾರಣಗಳಿರಬಹುದು. ನನಗೆ ಅಳೆಯಲು ಬರುತ್ತಿದ್ದದ್ದು ಆ ಕಿಣ್ವವೊಂದೇ. ಹಾಗಾಗಿ ತಪ್ಪು ಅಲ್ಲೇ ಇರಬೇಕೆಂದು ಹಟ ಹಿಡಿದೆ. ಹೆರಿಗೆ ಮಂಚದ ಮೇಲೆ ಮಲಗಿದ್ದಂತೆಯೇ ಲ್ಯಾಬಿನ ಹುಡುಗಿಗೆ ಫೋನ್ ಮಾಡಿಸಿ ಪೆಟ್ಟಿಗೆ ತರಿಸಿದೆ. "ಅಕ್ಕಾ, ನಾವು ಇಂಥದ್ದನ್ನ ತಗೊಳ್ಳೋ ಹಾಗಿಲ್ವಲ್ಲಾ" ಎಂದು ಅವಳು ಅತ್ತಳು. ಅತ್ತೆಗೆ ನೇರವಾಗಿಯೇ ಹೇಳಿದೆ, ಒಂದು ತುಂಡು ಬೇಕು ಎಂದು. ಅವರು "ತಗಂಡೋಗ್ಲಿ. ಏನ್ ಮಾಡ್ಕಂಡಿದ್ದೀಯ ಅಂತ ನಿಂಗೇ ಗೊತ್ತಾಗ್ಲಿ" ಎಂದರು. ಉಳಿದದ್ದನ್ನು ಮಗುವಿನ ಜೊತೆಗೇ ಮಣ್ಣು ಮಾಡಿದರು.

ಮಗುವಿಲ್ಲದ ಬಾಣಂತನವನ್ನು ಅತ್ತೆ ಒಂದೂ ಲೋಪವಿಲ್ಲದೆ ಮಾಡಿದರು. ಎಣ್ಣೆ, ಬಿಸಿನೀರು, ಬೆಳ್ಳುಳ್ಳಿ, ಮತ್ತು ದಿನವೂ ಬೈಗುಳ. ಮಾಸು ಹೊರಬಿದ್ದು ಅದರ ಹಾರ್ಮೋನು ಇಳಿದರೆ ಎದೆಗೆ ಹಾಲು ಇಳಿಯುತ್ತದೆ. ಮಗು ಇದೆಯೋ ಇಲ್ಲವೋ ದೇಹ ಕೇಳುವುದಿಲ್ಲ. ಇದನ್ನು ಓದಿ ಪಾಸಾಗಿದ್ದೆ. ರವಿಕೆ ಒದ್ದೆಯಾದಾಗ ಮಾತ್ರ ಕಿರುಚಿಬಿಟ್ಟೆ.

ಕೆಲಸಕ್ಕೆ ಮರಳಿದ ಮೇಲೆ, ಮೇಲಿನವರ ಒಪ್ಪಿಗೆ ಪಡೆದು, ಫ್ರೀಜರಿನಿಂದ ನನ್ನ ತುಂಡನ್ನು ತೆಗೆದೆ. ಬೇರೆಯವರ ಮಾಸಿನಂತೆಯೇ ಇತ್ತು. ತೊಳೆದೆ, ಅರೆದೆ.

ಬಸಿರಿಗೆ ಬೇಕಾದ ಈಸ್ಟ್ರೋಜನ್ ಎಂಬ ಹಾರ್ಮೋನನ್ನು ಮಾಸು ಬರಿಗೈಯಲ್ಲಿ ಮಾಡಲಾರದು. ಅದಕ್ಕೆ ಕಚ್ಚಾಮಾಲು ಬೇಕು. ಅದರಲ್ಲಿ ಹೆಚ್ಚಿನ ಪಾಲನ್ನು ಹೊಟ್ಟೆಯೊಳಗಿನ ಮಗುವೇ, ತನ್ನ ಮೂತ್ರಪಿಂಡದ ಮೇಲಿನ ಪುಟ್ಟ ಗ್ರಂಥಿಗಳಲ್ಲಿ ತಯಾರಿಸಿ ಕಳಿಸುತ್ತದೆ. ಅರೋಮಟೇಸ್ ಅದನ್ನು ಈಸ್ಟ್ರೋಜನ್ ಆಗಿ ಬದಲಿಸಿಕೊಡುತ್ತದೆ. ಮಗು ಹೋದರೆ ಮಾಲು ನಿಲ್ಲುತ್ತದೆ, ಕಿಣ್ವ ಸುಮ್ಮನೆ ಕಾದಿರುತ್ತದೆ. ಲ್ಯಾಬಿನಲ್ಲಿ ಆ ಮಾಲನ್ನು ನಾವು ಬಾಟಲಿಯಿಂದ ಹಾಕುತ್ತೇವೆ. ನನ್ನ ಮಗಳು ಕಳಿಸಬೇಕಾದದ್ದನ್ನು ಅಂದು ನಾನು ಪಿಪೆಟ್ಟಿನಲ್ಲಿ ಹಾಕಿದೆ. ಲೆಕ್ಕ ತಪ್ಪಿ ಎರಡು ಸಲ ಹಾಕಿದ್ದರಿಂದ ಮೊದಲ ಟ್ಯೂಬು ಕೆಟ್ಟಿತು.

ಉಳಿದ ಟ್ಯೂಬುಗಳಲ್ಲೆಲ್ಲ ಅದು ಕೆಲಸ ಮಾಡಿತು. ಆರೋಗ್ಯವಂತ ಹೆಂಗಸರ ಮಾಸಿನಷ್ಟೇ ಚುರುಕಾಗಿ, ಯಾವ ಕುಂದೂ ಇಲ್ಲದೆ. ಸಮಾಧಾನವಾಗಬೇಕಿತ್ತು, ಆಗಲಿಲ್ಲ.

ಮನೆಗೆ ಬಂದಾಗ ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು. ಚಪ್ಪಲಿ ಬಿಡುವ ಮೊದಲೇ ಹೇಳಿದೆ.

"ಅತ್ತೆ, ನೋಡಿದೆ. ಮಾಸು ಚೆನ್ನಾಗಿತ್ತು. ಅದಕ್ಕೇನೂ ಆಗಿರ್ಲಿಲ್ಲ."

"ನಿನ್ ಕೆಲ್ಸದಿಂದ ಅಲ್ವಾ?"

"ನನಗೆ ಗೊತ್ತಾಗೋ ಮಟ್ಟಿಗೆ ಅಲ್ಲ."

"ಮತ್ಯಾಕೋಯ್ತು ಕೂಸು?"

"ಗೊತ್ತಿಲ್ಲ ಅತ್ತೆ."

ಅವರ ಕೈ ನಿಂತಿತು. ಮಡಿಲಲ್ಲಿದ್ದ ಕಾಳೆಲ್ಲ ನೆಲಕ್ಕೆ ಚೆಲ್ಲಿದರೂ ಬಗ್ಗಿ ಎತ್ತಲಿಲ್ಲ. "ಅಂಗಾರೆ ಇನ್ಮ್ಯಾಕೆ ನಾನು ಯಾರ್ನ ಬೈಯ್ಲಿ, ಯೋಳು?" ಎಂದು ಕೇಳಿದರು. ಕೇಳಿ, ಮಗು ಸತ್ತ ಮೇಲೆ ಮೊದಲ ಸಲ ಗಟ್ಟಿಯಾಗಿ ಅಳತೊಡಗಿದರು. ನಾನು ಅವರ ಪಕ್ಕ ನೆಲದ ಮೇಲೆ ಕೂತು, "ನನ್ನೇ ಬೈಯಿರಿ ಅತ್ತೆ, ಬೈಯಿರಿ" ಎಂದೆ.