ಇನ್ವರ್ಟರ್ ತಣಿಯುವವರೆಗೆ

ಚಳಿಗಾಲದ ಬಿರುಗಾಳಿಗೆ ನಮ್ಮ ನಾರ್ವೆ ದ್ವೀಪದಲ್ಲಿ ಕರೆಂಟು ಹೋದಾಗಲೆಲ್ಲ ಕತ್ತಲೆಯ ಮೇಲೆ ದಂಡೆತ್ತಿ ಹೊರಡುವ ಮಹಾಸೇನಾಪತಿ ಟೊರ್ಲೈಫ್. ದೋಣಿ ಎಂಜಿನ್‌ಗಳನ್ನು ರಿಪೇರಿ ಮಾಡಿ ನಿವೃತ್ತನಾದ ಒಂಟಿ ಮುದುಕ. ಅವನ ಯುದ್ಧರಥವೆಂದರೆ ಮೀನು ಸಾಗಿಸುವ ತಳ್ಳುಗಾಡಿ. ಅದರಲ್ಲಿ ಬ್ಯಾಟರಿಗಳು, ಅವುಗಳ ಮೇಲೆ ಮರದ ಪೆಟ್ಟಿಗೆಯೊಳಗೆ ಉಸಿರುಕಟ್ಟಿ ಕೂತ ಇನ್ವರ್ಟರ್. ಮನೆಮನೆಗೂ ಹೋಗಿ ಫ್ರೀಜರ್‌ಗಳಿಗೆ ಪ್ರಾಣದಾನ ಮಾಡುತ್ತಿದ್ದ.

ಇನ್ವರ್ಟರ್ ಮಾತ್ರ ಬೇಗ ಬಿಸಿಯೇರಿ, ಕೀಂ ಎಂದು ಕೂಗಿ ನಿಂತುಬಿಡುತ್ತಿತ್ತು. ಬೇರೆ ಮನೆಗಳಲ್ಲಿ ಅವನು ಬೈದುಕೊಳ್ಳುತ್ತಿದ್ದ. ವಿಧವೆ ಗುಡ್ರುನ್ ಮನೆಯಲ್ಲಿ, ಅದು ತಣಿಯುವವರೆಗೆ ಸೌದೆ ಒಲೆಯ ಪಕ್ಕ ಕೂತು ಕಾಫಿ ಕುಡಿಯುತ್ತಿದ್ದ. ಬೇಸಿಗೆಯಿಡೀ ಅವನು ಹಂಬಲಿಸುತ್ತಿದ್ದುದು ಆ ಕಾಫಿಗೆ. ಕರೆಂಟಿದ್ದಾಗ ಅವಳ ಬಾಗಿಲು ತಟ್ಟುವ ಧೈರ್ಯ ಸೇನಾಪತಿಗೆ ಇರಲಿಲ್ಲ.

ಈ ವರ್ಷ ಗೆಳೆಯ ಓಡ್ವಾರ್ ಉಪಕಾರ ಮಾಡಿಬಿಟ್ಟ.

"ಲೋ ಮುದುಕಪ್ಪ, ಎಂಜಿನ್ ಮೇಷ್ಟ್ರು ಅಂತ ಮೆರೀತೀಯ, ಇದಕ್ಕೆ ಗಾಳಿ ಬೇಕು ಅಂತ ಗೊತ್ತಾಗ್ಲಿಲ್ವೇನೋ?" ಎನ್ನುತ್ತ ಪೆಟ್ಟಿಗೆ ಕಿತ್ತೆಸೆದ. ಇನ್ವರ್ಟರನ್ನು ಅಲ್ಯೂಮಿನಿಯಂ ತಗಡಿಗೆ ನೆಟ್ಟಗೆ ಬಿಗಿದು, ಹಿಂದೆ ಬೆರಳು ತೂರುವಷ್ಟು ಸಂದು ಬಿಟ್ಟು, ಫ್ಯಾನ್ ಕೂರಿಸಿದ.

ಟೊರ್ಲೈಫ್‌ಗೆ ಅದೆಲ್ಲ ಮೊದಲೇ ಗೊತ್ತಿತ್ತು.

ಮುಂದಿನ ಬಿರುಗಾಳಿಯಲ್ಲಿ ಗುಡ್ರುನ್‌ಳ ಫ್ರೀಜರ್ ಒಂದೇ ಸಮನೆ ಓಡಿತು. ಕೂರಲು ನೆಪವಿಲ್ಲದೆ ಅವನು ಗಾಡಿಯ ಪಕ್ಕ ಟೋಪಿ ಹಿಸುಕುತ್ತ ನಿಂತ.

"ಇವತ್ತು ನಿಲ್ಲೋದೇ ಇಲ್ವಾ ಇದು?" ಎಂದಳು ಗುಡ್ರುನ್.

"ಇಲ್ಲ. ಓಡ್ವಾರ್ ಸರಿಮಾಡ್ಬಿಟ್ಟ."

"ಅವನಿಗ್ಯಾಕೆ ಬೇಕಿತ್ತು ಇಲ್ಲದ ಉಸಾಬರಿ!"

ಅವಳು ಹೆಗಲ ಮೇಲಿನ ಉಣ್ಣೆ ಶಾಲು ತೆಗೆದು ಫ್ಯಾನಿಗೆ ಹೊದಿಸಿ, ಕಪಾಟಿನಿಂದ ಎರಡು ಕಾಫಿ ಲೋಟ ಇಳಿಸಿಟ್ಟಳು.